ಸಕಾಲ: ಲೆಕ್ಕಕ್ಕೆ ಸಿಗದ ಅಲೆದಾಟ

ಮಾನ್ಯರೇ,

ಮಗಳ ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ನಮ್ಮ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದೆ. ಸರ್ಕಾರಿ ಸೇವೆಗಳಿಗೆ ಗಡುವು ವಿಧಿಸುವ ‘ಸಕಾಲ’ ಯೋಜನೆಯ 15 ಅಂಕಿಯ ಸ್ವೀಕೃತಿ ಸಂಖ್ಯೆ ಸಿಕ್ಕಿತು, ಗಡುವಿನೊಳಗೆ ಪ್ರಮಾಣಪತ್ರವೂ ಬಂತು. ಸರ್ಕಾರದ ಲೆಕ್ಕದಲ್ಲಿ ನಾನೀಗ ಸಂತೃಪ್ತ ನಾಗರಿಕ!

ಆದರೆ ಆ ಸಂಖ್ಯೆ ಕೈಸೇರುವುದಕ್ಕೇ ಮೂರು ಸಲ ಅಲೆದಿದ್ದೆ. ಮೊದಲ ದಿನ ‘ಸರ್ವರ್ ಡೌನ್’. ಎರಡನೇ ದಿನ ‘ರೇಷನ್ ಕಾರ್ಡ್ ಜೆರಾಕ್ಸ್ ಎಲ್ರೀ?’ ನಿನ್ನೆಯೇ ಹೇಳಬಾರದಿತ್ತೇ ಎಂದರೆ ಕಿಟಕಿಯೊಳಗಿದ್ದವರು ತಲೆ ಎತ್ತಲಿಲ್ಲ. ನನ್ನ ಹಿಂದೆ ನಿಂತಿದ್ದ ಅಜ್ಜಿ ಅಂದಿನ ಕೂಲಿ ಬಿಟ್ಟು ಬಂದಿದ್ದರು, ಅವರನ್ನೂ ‘ನಾಳೆ ಬಾ’ ಎಂದು ಸಾಗಹಾಕಿದರು. ಕೆಲಸ ತಡವಾದದ್ದಕ್ಕಿಂತ ಆ ಏಕವಚನವೇ ನನಗೆ ಹೆಚ್ಚು ಚುಚ್ಚಿತು.

2012ರಲ್ಲಿ ಶುರುವಾದ ಸಕಾಲದಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ (ಪಡೆದವರನ್ನು ನಾನಂತೂ ಕಂಡಿಲ್ಲ). ಆದರೆ ದಿನ ಎಣಿಸುವುದು ಅರ್ಜಿ ದಾಖಲಾದ ಮೇಲೆ. ಅದಕ್ಕೂ ಮುಂಚಿನ ಅಲೆದಾಟ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅರ್ಜಿ ವಾಪಸ್ ಕಳಿಸುವಾಗ ಕಾರಣ ಬರೆದ ಚೀಟಿಯನ್ನಾದರೂ ಕೊಡಲಿ. ಬೇಕಾದ ದಾಖಲೆಗಳ ಪಟ್ಟಿ ನಮ್ಮ ಕಚೇರಿಯಲ್ಲೂ ಇದೆ, ಬೀರುವಿನ ಹಿಂದಿನ ಗೋಡೆಯಲ್ಲಿ. ದಯವಿಟ್ಟು ಆ ಬೀರುವನ್ನು ಸರಿಸಿ.

– ಒಬ್ಬ ಓದುಗ