ಘಾತಾಂಕ ಅವಿಭಾಜ್ಯವಾದರಷ್ಟೇ ಸಾಲದು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಬಂದ, ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಕುರಿತ ಲೇಖನವನ್ನು ನನ್ನಲ್ಲಿಗೆ ಸಂಜೆ ಪಾಠಕ್ಕೆ ಬರುವ ಹತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳಿದೆ. ಗಣಿತಕ್ಕೆ ಅರ್ಧ ಪುಟ ಮೀಸಲಿಟ್ಟದ್ದು ಸಂತೋಷದ ಸಂಗತಿಯೇ; ಆದರೆ ಅದರಲ್ಲಿ ಎರಡು ತಪ್ಪುಗಳೂ ಒಂದು ಉತ್ಪ್ರೇಕ್ಷೆಯೂ ನುಸುಳಿವೆ.

ಮೊದಲ ತಪ್ಪು ಸಣ್ಣದು. 2ನ್ನು 13,62,79,841ನೆಯ ಘಾತಕ್ಕೇರಿಸಿ 1 ಕಳೆದಾಗ ಬರುವ, 2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ, 4,10,24,320 ಅಂಕಿಗಳ ಆ ಸಂಖ್ಯೆ ನಮಗೆ ಗೊತ್ತಿರುವ ಅವಿಭಾಜ್ಯಗಳಲ್ಲಿ ದೊಡ್ಡದೇ ಹೊರತು ಎಲ್ಲಕ್ಕಿಂತ ದೊಡ್ಡದಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ.

ಎರಡನೆಯದು ಮಕ್ಕಳನ್ನು ದಾರಿ ತಪ್ಪಿಸುವಂಥದ್ದು. ಘಾತಾಂಕ ಅವಿಭಾಜ್ಯವಾಗಿದ್ದರೆ, 2ನ್ನು ಆ ಘಾತಕ್ಕೇರಿಸಿ 1 ಕಳೆದಾಗ ಬರುವ ಸಂಖ್ಯೆಯೂ ಅವಿಭಾಜ್ಯವಾಗುತ್ತದೆ ಎಂದು ಲೇಖಕರು ಬರೆದಿದ್ದಾರೆ. ನಿಜವಾದ ಮಾತು ಇದಕ್ಕೆ ತಿರುವು ಮುರುವು: ಸಂಖ್ಯೆ ಅವಿಭಾಜ್ಯವಾಗಿದ್ದರೆ ಘಾತಾಂಕ ಅವಿಭಾಜ್ಯವಾಗಿರಲೇಬೇಕು. 2, 3, 5, 7 ಎಂಬ ಘಾತಾಂಕಗಳಿಂದ 3, 7, 31, 127 ಬರುವುದರಿಂದ ನಿಯಮ ಸರಿಯೆಂದೇ ತೋರುತ್ತದೆ. 11ಕ್ಕೆ ಬಂದಾಗ 2047 ಸಿಕ್ಕಿ ಎಡವುತ್ತೇವೆ. ನಮ್ಮ ಪಡಸಾಲೆಯ ಪರಸಿ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿದು ಕುಳಿತ ಹುಡುಗಿಯೊಬ್ಬಳು 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತ ಹೋಗಿ, 23ರ ಹತ್ತಿರ ಶೇಷವಿಲ್ಲದೆ 89 ಬಂದದ್ದನ್ನು ನೋಡಿ ಎರಡು ಸಲ ಒರೆಸಿ ಮತ್ತೆ ಮಾಡಿದಳು. 2047ರ ಯಾವ ಭಾಜಕವನ್ನಾದರೂ ಘಾತಾಂಕ 11ರ ಇಮ್ಮಡಿಯಾದ 22ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕಾದ್ದರಿಂದ 23ರಿಂದಲೇ ಆರಂಭಿಸಬಹುದಿತ್ತು ಎಂದು ನಾನು ಆಮೇಲೆ ತಿಳಿಸಿದಾಗ, ‘ಇದನ್ನ ಮೊದಲ ಯಾಕ ಹೇಳ್ಲಿಲ್ರೀ ಸರ್’ ಎಂದಳು. ಉತ್ತರ ಕೊಡಲಾಗಲಿಲ್ಲ.

ಲೇಖಕರಿಗೆ ಸಮಾಧಾನವಾಗಲೆಂದು ಹೇಳುತ್ತೇನೆ, ಯಾರ ಹೆಸರಿನಿಂದ ಈ ಸಂಖ್ಯೆಗಳನ್ನು ಕರೆಯುತ್ತಾರೋ ಆ ಫ್ರೆಂಚ್ ಗಣಿತಜ್ಞ ಮರ್ಸೆನ್ನನೇ, ಅವಿಭಾಜ್ಯ ಕೊಡುವ ಘಾತಾಂಕಗಳ 1644ರ ತನ್ನ ಪಟ್ಟಿಯಲ್ಲಿ 67ನ್ನು ತಪ್ಪಾಗಿ ಸೇರಿಸಿದ್ದ. ಆ ಘಾತಾಂಕದಿಂದ ಬರುವ ಸಂಖ್ಯೆ 19,37,07,721 ಮತ್ತು 7,61,83,82,57,287ರ ಗುಣಲಬ್ಧವೆಂದು ಗಣಿತಜ್ಞ ಫ್ರಾಂಕ್ ಕೋಲ್ ತೋರಿಸಿಕೊಟ್ಟದ್ದು 1903ರಲ್ಲಿ.

ಇನ್ನು ಉತ್ಪ್ರೇಕ್ಷೆ. ಈ ದೈತ್ಯ ಸಂಖ್ಯೆಯ ಒಂದು ಅಂಕಿಯನ್ನೂ ಕಂಪ್ಯೂಟರ್ ಇಲ್ಲದೆ ಹೇಳಲಾಗದು ಎಂಬ ಮಾತು ಒಪ್ಪುವಂಥದ್ದಲ್ಲ. ಅದು ಅವಿಭಾಜ್ಯವೆಂದು ಸಾಧಿಸುವುದಕ್ಕೆ ಯಂತ್ರ ಬೇಕು, ಸರಿ. ಆದರೆ 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸರದಿಯಲ್ಲಿ ತಿರುಗುವುದರಿಂದ, ಘಾತಾಂಕದ ಕೊನೆಯ 41ನ್ನು ನಾಲ್ಕರಿಂದ ಭಾಗಿಸಿ ಶೇಷ 1 ಎಂದು ಕಂಡುಕೊಂಡರೆ ಘಾತದ ಕೊನೆಯ ಅಂಕಿ 2, ಅದರಲ್ಲಿ ಒಂದು ಕಳೆದರೆ 1. ಮಕ್ಕಳು ಇದನ್ನು ಬಾಯಿಲೆಕ್ಕದಲ್ಲೇ ಮಾಡಿದರು.

ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಜಾಗ ಕಡಿಮೆಯಿದ್ದರೆ 2047ರ ಉದಾಹರಣೆಯೊಂದಿದ್ದರೂ ಸಾಕು.

– ನಿವೃತ್ತ ಗಣಿತ ಶಿಕ್ಷಕ, ನವನಗರ, ಬಾಗಲಕೋಟೆ