ರೊಟ್ಟಿ ಪುಡಿಯಾಗುವುದು ಡಬ್ಬದ ಖಾಲಿ ಜಾಗದಿಂದ

ಮಾನ್ಯ ಸಂಪಾದಕರೇ,

ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಮಾಡಿ ಬೆಂಗಳೂರು, ಪುಣೆಗೆ ಪಾರ್ಸಲ್ ಕಳಿಸುತ್ತಾರೆ. ರೊಟ್ಟಿ ಪುಡಿಯಾಗಿ ಮುಟ್ಟಿದರೆ ಬೈಗುಳವೆಲ್ಲ ಅಂಚೆಯವರಿಗೆ, ಇಲ್ಲವೇ ಕೊರಿಯರ್‌ನವರಿಗೆ. ಆದರೆ ಬಹಳ ಸಲ ತಪ್ಪಿರುವುದು ಡಬ್ಬದೊಳಗಿನ ಖಾಲಿ ಜಾಗದಲ್ಲಿ.

ರೊಟ್ಟಿ ಒಳಗೇ ಅಲ್ಲಾಡಿ, ಅಂಚಿಗೆ ಅಂಚು ಬಡಿದು ಮುರಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಬಿಸಿ ಇದ್ದಾಗ ಕಟ್ಟಿದರೆ ಹಬೆ ಕೂತು ಮೆತ್ತಗಾಗಿ, ಆಮೇಲೆ ಬೂಸ್ಟು ಹಿಡಿಯುತ್ತದೆ. ಹತ್ತು ಹತ್ತರ ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಗಾಳಿಯಾಡದ ಕವರ್ ಹಾಕಿ, ಎರಡು ಕಟ್ಟಿನ ನಡುವೆ ರೊಟ್ಟಿಯಷ್ಟೇ ಅಗಲದ ರಟ್ಟು ಇಡಬೇಕು. ಸುತ್ತಲೂ ಒಂದು ಇಂಚು ಜಾಗದಲ್ಲಿ ಮುದುಡಿದ ಪೇಪರ್ ಒತ್ತೊತ್ತಾಗಿ ತುರುಕಬೇಕು. ಮುಚ್ಚಿದ ಡಬ್ಬ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ: ಕರಕರ ಸದ್ದು ಬಂದರೆ ಬಿಚ್ಚಿ ಇನ್ನಷ್ಟು ಪೇಪರ್ ತುಂಬಿ.

ದೊಡ್ಡ ಡಬ್ಬಕ್ಕೆ ದುಡ್ಡೂ ಹೆಚ್ಚು. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ರಿಂದ ಭಾಗಿಸುತ್ತಾರೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. 40×40×30ರ ಡಬ್ಬ 9.6 ಕಿಲೋ ಆಗುತ್ತದೆ, 30×30×25ರದ್ದು 4.5 ಕಿಲೋ. ಒಳಗಿನ ರೊಟ್ಟಿ ನಾಲ್ಕೇ ಕಿಲೋ ಇದ್ದರೂ ದೊಡ್ಡ ಡಬ್ಬಕ್ಕೆ ಎರಡು ಪಟ್ಟು ತೂಕದ ಲೆಕ್ಕ!

ಉಪ್ಪಿನಕಾಯಿಯನ್ನು ರೊಟ್ಟಿಯ ಜೊತೆ ಹಾಕಲೇಬಾರದು. ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಇಂಚು ಖಾಲಿ ಬಿಡಿ. ನಮ್ಮ ಬೇಸಿಗೆಯ ಬಿಸಿಗೆ ಎಣ್ಣೆ ಹಿಗ್ಗಿ ಮುಚ್ಚಳದ ಸಂದಿಯಿಂದ ಜಿನುಗುತ್ತದೆ. ಮುಚ್ಚಳದ ಸುತ್ತ ಟೇಪ್ ಹಾಕಿ, ಎರಡು ಕವರ್‌ಗಳಲ್ಲಿ ಕಟ್ಟಿ, ನಡುವೆ ಪೇಪರ್ ಸುತ್ತಿ. ಸೋರಿದ ಎಣ್ಣೆ ಬೇರೆಯವರ ಪಾರ್ಸಲ್ಲನ್ನೂ ಹಾಳು ಮಾಡುತ್ತದೆ. ಹಾಗಾಗಿಯೇ ಕೌಂಟರ್‌ನಲ್ಲಿ ಎಣ್ಣೆ ಪದಾರ್ಥಕ್ಕೆ ತಕರಾರು.

ಕಿರಾಣಿ ಅಂಗಡಿಯ ಹಳೆ ಡಬ್ಬ ಬಳಸುವವರು ಅದರ ಮೇಲಿನ ಹಳೆಯ ಬಾರ್‌ಕೋಡ್, ವಿಳಾಸ ಕಿತ್ತು ಹಾಕಬೇಕು. ಇಲ್ಲದಿದ್ದರೆ ಯಂತ್ರ ಅದನ್ನೇ ಓದಿ ಪಾರ್ಸಲ್ ಬೇರೆ ದಾರಿ ಹಿಡಿಯಬಹುದು. ಮೂಲೆ ಬೆರಳಿಗೆ ಮೆತ್ತಗೆ ಸಿಕ್ಕರೆ ಆ ಡಬ್ಬ ಬಿಡಿ. ಸುತಲಿ ಕಟ್ಟಬೇಡಿ, ಸಾಗಿಸುವ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ. ಎರಡಿಂಚಿನ ಟೇಪನ್ನು ಮೇಲೆ, ಕೆಳಗೆ ಎರಡೂ ಕಡೆ ನಡುಸಂದಿಗೆ ಮತ್ತು ಅಂಚುಗಳಿಗೆ ಹಚ್ಚಿ. ಪಿನ್‌ಕೋಡ್, ಇಬ್ಬರ ಮೊಬೈಲ್ ನಂಬರ್ ಬರೆದ ಚೀಟಿ ಒಳಗೂ ಒಂದಿರಲಿ.

ಹಾಸ್ಟೆಲಿನ ಮಗನಿಗೆಂದು ರೊಟ್ಟಿಯ ಸಂದಿಯಲ್ಲಿ ಪವರ್ ಬ್ಯಾಂಕ್, ಸೆಂಟು, ಬೆಂಕಿಪೊಟ್ಟಣ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ವಿಮಾನದಲ್ಲಿ ಹೋಗುವ ಪಾರ್ಸಲ್ ತಪಾಸಣೆಯಲ್ಲೇ ನಿಲ್ಲುತ್ತದೆ, ಬೆಂಕಿಯ ಅಪಾಯ ಬೇರೆ.

ನಿಷೇಧಿತ ವಸ್ತುಗಳ ಪಟ್ಟಿಯನ್ನು ಪ್ರತಿ ಅಂಚೆ ಕಚೇರಿಯ ಕೌಂಟರ್ ಪಕ್ಕ ದೊಡ್ಡ ಕನ್ನಡ ಅಕ್ಷರದಲ್ಲಿ ತೂಗುಹಾಕಬೇಕು. ಜೊತೆಗೊಂದು ಅಳತೆ ಟೇಪ್ ಇಟ್ಟರೆ ಇನ್ನೂ ಒಳ್ಳೆಯದು. ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಗಳ ತರಬೇತಿಯಲ್ಲಿ ರೊಟ್ಟಿ ಬಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಅರ್ಧ ದಿನ ಪ್ಯಾಕಿಂಗ್ ಕಲಿಸಲು ಜಿಲ್ಲಾ ಪಂಚಾಯಿತಿ ಏರ್ಪಾಡು ಮಾಡಬೇಕು.

– ಓದುಗರು, ಕೊಪ್ಪಳ