ಜಾನಪದ ಲೋಕಕ್ಕೆ ನಮ್ಮ ಗುಂಪಿನ ದೇಣಿಗೆ

ಎಲ್ಲರಿಗೂ ನಮಸ್ಕಾರ. ರಾಮನಗರದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಜಾನಪದ ಲೋಕಕ್ಕೆ ನಮ್ಮ ಕಡೆಯಿಂದ ಏನಾದರೂ ಕೊಡೋಣ ಅಂತ ಮಾತಾಗಿತ್ತಲ್ಲ, ಅದರ ವಿಚಾರ ಇದು.

ಮೈಸೂರು ರಸ್ತೆಯಲ್ಲಿ ಹೋಗುವಾಗ ನಮ್ಮಲ್ಲಿ ಜಾಸ್ತಿ ಜನ ಅಲ್ಲಿ ತಿಂಡಿಗೆ ಇಳಿದಿದ್ದೇವೆ, ಒಳಗೆ ಹೋದವರು ಕಡಿಮೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಪಟ್ಟು ಹಿಡಿದು ಕಟ್ಟಿದ ಜಾಗ ಅದು. ಸುಮಾರು 15 ಎಕರೆ ಇದೆ. ಅದರ ಒಳಗಿನ ಲೋಕಮಾತಾ ಮಂದಿರ ಅನ್ನುವ ವಿಭಾಗದಲ್ಲಿ ಬೀಸುವ ಕಲ್ಲು, ಒನಕೆ, ಸೇರು, ಪಾವು. ಆಯಗಾರಮಾಳ ಅನ್ನುವ ಇನ್ನೊಂದು ವಿಭಾಗದಲ್ಲಿ ಎತ್ತು ಕಟ್ಟಿ ತಿರುಗಿಸುವ ಗಾಣ. ಇವುಗಳ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಇಂಥ ಸಾಮಾನು ಕಾಪಾಡುವುದು ಸುಲಭವಲ್ಲ. ಮರಕ್ಕೆ ಗೆದ್ದಲು ಹತ್ತಬಾರದು. ತೊಗಲು ಗೊಂಬೆಗೆ ಮಳೆಗಾಲದ ತೇವ ತಾಗಿದರೆ ಬೂಷ್ಟು ಬರುತ್ತದೆ, ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ಒಮ್ಮೆ ಹಾಳಾದ ಗೊಂಬೆ ಮತ್ತೆ ಸಿಗುವುದಿಲ್ಲ. ಹಾಗಾಗಿ ನಮ್ಮ ಹಣ ಮೊದಲು ಇರುವುದರ ರಿಪೇರಿಗೆ ಹೋಗಲಿ, ಹೊಸ ಕಟ್ಟಡದ ಮಾತು ಆಮೇಲೆ. ಇದು ನನ್ನ ಅಭಿಪ್ರಾಯ, ಬೇರೆ ಅನ್ನಿಸಿದವರು ಹೇಳಿ.

ಹಣ ಯಾರ ಕೈಗೂ ಬೇಡ, ಸುಮ್ನೆ ಗೊಂದಲ. ಜಾನಪದ ಲೋಕವನ್ನು ನಡೆಸುವ ಕರ್ನಾಟಕ ಜಾನಪದ ಪರಿಷತ್ತಿಗೇ ನೇರವಾಗಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ತೆರಿಗೆ ರಿಯಾಯಿತಿ ಬೇಕಾದವರು 80ಜಿ ಬಗ್ಗೆ ಅಲ್ಲೇ ಕೇಳಿ. 2000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಇಲ್ಲ, ಚೆಕ್ ಕೊಡಿ.

ನೂರು ರೂಪಾಯಿಯಾದರೂ ಸಂಕೋಚ ಬೇಡ. ಮನೆಯ ಅಟ್ಟದಲ್ಲಿ ಕಾಳು ಅಳೆಯುವ ಹಳೆಯ ಕೊಳಗ, ಬಳ್ಳ ಇದ್ದರೆ ಗುಜರಿಗೆ ಹಾಕಬೇಡಿ, ಫೋಟೋ ತೆಗೆದು ಇಲ್ಲಿ ಹಾಕಿ. ಅವರಿಗೆ ಬೇಕಾ ಅಂತ ಕೇಳುತ್ತೇನೆ.